ಹಲ್ಲಿನ ಕಾಣದ ಕವಚ: ಪರದೇಶದಲ್ಲಿ ಚಿಕಿತ್ಸೆ ಪಡೆಯುವ ಮುನ್ನ

ಸೊಟ್ಟ ಹಲ್ಲು, ಉಬ್ಬು ಹಲ್ಲು, ಒಂದರ ಮೇಲೊಂದು ಏರಿ ನಿಂತ ಹಲ್ಲು, ಇವನ್ನೆಲ್ಲ ಸರಿಪಡಿಸಲು ಲೋಹದ ತಂತಿ ಬಿಗಿಯುವ ಪದ್ಧತಿ ನಮಗೆ ಪರಿಚಿತವಾದದ್ದೇ. ಆಡುಮಾತಿನಲ್ಲಿ ಇದನ್ನು ‘ಹಲ್ಲಿಗೆ ಕ್ಲಿಪ್ ಹಾಕಿಸುವುದು’ ಎನ್ನುತ್ತೇವೆ. ಕಳೆದ ಎರಡೂವರೆ ದಶಕಗಳಲ್ಲಿ ಈ ತಂತಿಗೆ ಒಂದು ಪರ್ಯಾಯ ಬಂದಿದೆ. ಹಲ್ಲಿನ ಸಾಲಿನ ಮೇಲೆ ಟೋಪಿಯಂತೆ ಕೂರುವ, ತೆಳುವಾದ, ಪಾರದರ್ಶಕವಾದ ಪ್ಲಾಸ್ಟಿಕ್ ಕವಚವೇ ಅದು. ಇದಕ್ಕೆ ಅಲೈನರ್ ಎಂದು ಹೆಸರು. ಊಟಕ್ಕೆ ಕುಳಿತಾಗ ತೆಗೆದಿಡಬಹುದು, ಹಲ್ಲುಜ್ಜಿ ಮತ್ತೆ ಹಾಕಿಕೊಳ್ಳಬಹುದು. ಎದುರಿಗಿದ್ದವರಿಗೆ ಅದು ಸುಲಭವಾಗಿ ಕಾಣುವುದಿಲ್ಲ. ಹಾಗಾಗಿಯೇ ಕಾಲೇಜು ವಿದ್ಯಾರ್ಥಿಗಳಿಗೆ ಇದರ ಮೇಲೆ ಒಲವು ಹೆಚ್ಚು.

ಉನ್ನತ ವ್ಯಾಸಂಗಕ್ಕೆ ಹೊರದೇಶಕ್ಕೆ ಹೊರಟ ವಿದ್ಯಾರ್ಥಿಗೆ ಇಲ್ಲಿ ಮೂರು ಪ್ರಶ್ನೆಗಳು ಎದುರಾಗುತ್ತವೆ. ಇಲ್ಲಿ ಆರಂಭಿಸಿದ ಚಿಕಿತ್ಸೆಯನ್ನು ಅಲ್ಲಿ ಮುಂದುವರಿಸಬಹುದೇ? ಅಲ್ಲಿಗೆ ಹೋದ ಮೇಲೆಯೇ ಆರಂಭಿಸುವುದು ಒಳ್ಳೆಯದೇ? ಅಥವಾ ರಜೆಗೆ ಊರಿಗೆ ಬಂದಾಗ, ಒಂದು ವರ್ಷಕ್ಕಾಗುವಷ್ಟು ಕವಚಗಳನ್ನು ಒಟ್ಟಿಗೇ ಪಡೆದು ಒಯ್ಯಬಹುದೇ? ಈ ಮೂರಕ್ಕೂ ಉತ್ತರ ಅಡಗಿರುವುದು ಹಲ್ಲು ಹೇಗೆ ಸರಿಯುತ್ತದೆ ಎಂಬ ಸಂಗತಿಯಲ್ಲಿ. ಆದ್ದರಿಂದ ಮೊದಲು ಅದನ್ನೇ ನೋಡೋಣ.

ಹಲ್ಲು ಸರಿಯುವ ಬಗೆ

ಗೋಡೆಗೆ ಹೊಡೆದ ಮೊಳೆಯಂತೆ ಹಲ್ಲು ಮೂಳೆಯಲ್ಲಿ ಹೂತುಕೊಂಡಿದೆ ಎಂದು ನಾವು ಭಾವಿಸುತ್ತೇವೆ. ಅದು ಸರಿಯಲ್ಲ. ಹಲ್ಲಿನ ಬೇರಿಗೂ ದವಡೆಯ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವೊಂದಿದೆ. ಹಲ್ಲು ಈ ನಾರುಗಳ ಆಸರೆಯಲ್ಲಿ ನಿಂತಿರುತ್ತದೆ. ಹಲ್ಲನ್ನು ಒಂದು ಕಡೆಗೆ ಮೃದುವಾಗಿ, ಆದರೆ ಬಿಡದೆ ಒತ್ತಿದಾಗ, ಆ ಕಡೆಯ ನಾರುಗಳು ಅದುಮಿಕೊಳ್ಳುತ್ತವೆ. ಎದುರು ಬದಿಯ ನಾರುಗಳು ಜಗ್ಗಿಕೊಳ್ಳುತ್ತವೆ. ಅದುಮಿದ ಕಡೆ ಮೂಳೆಯನ್ನು ಕರಗಿಸುವ ಜೀವಕೋಶಗಳು ಕೆಲಸಕ್ಕೆ ತೊಡಗುತ್ತವೆ. ಜಗ್ಗಿದ ಕಡೆ ಮೂಳೆಯನ್ನು ಕಟ್ಟುವ ಜೀವಕೋಶಗಳು ಹೊಸ ಮೂಳೆಯನ್ನು ತುಂಬುತ್ತವೆ. ಮುಂದಿನ ಗೋಡೆಯನ್ನು ಕೆಡವುತ್ತ, ಹಿಂದೆ ಹೊಸ ಗೋಡೆ ಕಟ್ಟುತ್ತ ಇಡೀ ಕೋಣೆಯನ್ನೇ ಸರಿಸಿದ ಹಾಗೆ ಇದು. ಸ್ವೀಡನ್ನಿನ ಕಾರ್ಲ್ ಸಾಂಡ್‌ಸ್ಟೆಟ್ ನಾಯಿಯ ಹಲ್ಲುಗಳ ಮೇಲೆ ಪ್ರಯೋಗ ನಡೆಸಿ 1904–05ರಲ್ಲಿಯೇ ಈ ವಿಚಾರವನ್ನು ಪ್ರಕಟಿಸಿದ್ದರು.

ಕೆಡವುವುದು, ಕಟ್ಟುವುದು ಎರಡೂ ನಿಧಾನದ ಕೆಲಸ. ಒತ್ತಡ ಹೆಚ್ಚಿಸಿದರೆ ಕೆಲಸ ಬೇಗ ಆಗುವುದಿಲ್ಲ. ಅತಿಯಾದ ಒತ್ತಡದಿಂದ ನಾರಿನ ಪದರಕ್ಕೆ ರಕ್ತ ಹರಿಯುವುದು ನಿಂತು ಚಲನೆ ತಡವಾಗುತ್ತದೆ. ಕೆಲವೊಮ್ಮೆ ಹಲ್ಲಿನ ಬೇರೇ ಸವೆಯಬಹುದು. ಸಾಮಾನ್ಯವಾಗಿ ತಿಂಗಳಿಗೆ ಸುಮಾರು 1 ಮಿಲಿಮೀಟರ್ ಮಿತಿಯೊಳಗೆ ಹಲ್ಲನ್ನು ಸರಿಸುವುದು ವಾಡಿಕೆ. ಯಾವ ದೇಶದಲ್ಲಿ ಎಷ್ಟು ಹಣ ಕೊಟ್ಟರೂ ಈ ವೇಗ ಹೆಚ್ಚು ಬದಲಾಗುವುದಿಲ್ಲ.

ಕವಚ ತಯಾರಾಗುವುದು ಹೇಗೆ?

ಅಮೆರಿಕದ ದಂತವೈದ್ಯ ಎಚ್.ಡಿ. ಕೆಸ್ಲಿಂಗ್ 1945ರಲ್ಲಿ ಹಲ್ಲಿನ ಸಣ್ಣಪುಟ್ಟ ಚಲನೆಗೆ ರಬ್ಬರಿನ ಸಾಧನವೊಂದನ್ನು ವಿವರಿಸಿದ್ದರು. ಇಂಥ ಸಾಧನಗಳನ್ನು ಒಂದರ ನಂತರ ಒಂದರಂತೆ ಬಳಸಿದರೆ ದೊಡ್ಡ ಚಲನೆಯನ್ನೂ ಸಾಧಿಸಬಹುದು ಎಂಬ ಕಲ್ಪನೆ ಅವರಿಗಿತ್ತು. ಆದರೆ ಪ್ರತಿ ಹಂತಕ್ಕೂ ಕೈಯಿಂದಲೇ ಅಚ್ಚು ಮಾಡಬೇಕಾಗಿದ್ದರಿಂದ ಅದು ವ್ಯಾಪಕವಾಗಿ ಬಳಕೆಗೆ ಬರಲಿಲ್ಲ.

ಆ ತೊಡಕನ್ನು ನಿವಾರಿಸಿದ್ದು ಕಂಪ್ಯೂಟರ್. ಜಿಯಾ ಚಿಸ್ತಿ ಎಂಬ ಯುವಕ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕಾಲದಲ್ಲಿ ತಂತಿಯ ಚಿಕಿತ್ಸೆ ಮುಗಿಸಿ, ಹಲ್ಲು ಮತ್ತೆ ಜರುಗದಂತೆ ಪಾರದರ್ಶಕ ಕವಚವೊಂದನ್ನು ಧರಿಸುತ್ತಿದ್ದರು. ಕೆಲವು ದಿನ ಅದನ್ನು ಬಿಟ್ಟಾಗ ಹಲ್ಲು ಜರುಗುವುದನ್ನೂ, ಮತ್ತೆ ಹಾಕಿದಾಗ ಅದು ಸ್ವಸ್ಥಾನಕ್ಕೆ ಬರುವುದನ್ನೂ ಅವರು ಗಮನಿಸಿದರು. ಹಾಗಾದರೆ ಕವಚದಿಂದಲೇ ಹಲ್ಲನ್ನು ಸರಿಸಬಹುದಲ್ಲವೇ? 1997ರಲ್ಲಿ ಅವರು ಸಹಪಾಠಿ ಕೆಲ್ಸಿ ವರ್ತ್ ಜೊತೆಗೂಡಿ ಅಲೈನ್ ಟೆಕ್ನಾಲಜಿ ಎಂಬ ಕಂಪೆನಿಯನ್ನು ಕಟ್ಟಿದರು. 1998ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ‘ಇನ್‌ವಿಸಲೈನ್’ ಕವಚಕ್ಕೆ ಅನುಮತಿ ನೀಡಿತು.

ತಯಾರಿಕೆಯ ಕ್ರಮ ಹೀಗಿದೆ. ಮೊದಲು ಬಾಯಿಯೊಳಗೆ ಪುಟ್ಟ ಕ್ಯಾಮೆರಾ ಆಡಿಸಿ ಹಲ್ಲಿನ ಮೂರು ಆಯಾಮದ ಚಿತ್ರ ಪಡೆಯುತ್ತಾರೆ, ಇಲ್ಲವೇ ಅಚ್ಚು ತೆಗೆಯುತ್ತಾರೆ. ಹಲ್ಲು ಇಂದು ಎಲ್ಲಿದೆ, ಕೊನೆಗೆ ಎಲ್ಲಿರಬೇಕು ಎಂಬುದನ್ನು ಕಂಪ್ಯೂಟರಿನಲ್ಲಿ ಗುರುತಿಸಿ, ನಡುವಿನ ಹಾದಿಯನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯುತ್ತಾರೆ. ಪ್ರತಿ ಹೆಜ್ಜೆಗೂ ದವಡೆಯ ಒಂದು ಮಾದರಿಯನ್ನು ತ್ರಿವಿಮಿತೀಯ ಮುದ್ರಣ ಯಂತ್ರ ತಯಾರಿಸುತ್ತದೆ. ಬಿಸಿ ಮಾಡಿದ ಪ್ಲಾಸ್ಟಿಕ್ ಹಾಳೆಯನ್ನು ಆ ಮಾದರಿಯ ಮೇಲೆ ಒತ್ತಿ, ಅಂಚು ಕತ್ತರಿಸಿದರೆ ಕವಚ ಸಿದ್ಧ.

ಒಂದು ಕವಚ ಹಲ್ಲನ್ನು ಸುಮಾರು 0.25 ಮಿಲಿಮೀಟರ್‌ನಷ್ಟು ಮಾತ್ರ ಸರಿಸುತ್ತದೆ. ಒಂದು ಸಣ್ಣ ಲೆಕ್ಕ ಮಾಡಿ. ಹಲ್ಲೊಂದು 3 ಮಿಲಿಮೀಟರ್ ಸರಿಯಬೇಕಿದ್ದರೆ 12 ಕವಚಗಳು ಬೇಕು. ಒಂದೊಂದನ್ನೂ ಎರಡು ವಾರ ಧರಿಸಿದರೆ 24 ವಾರಗಳಾದವು. ಅದೂ ದಿನಕ್ಕೆ 20ರಿಂದ 22 ಗಂಟೆ ಧರಿಸಿದರೆ ಮಾತ್ರ. ಅಂದರೆ ತಿಂಡಿ, ಊಟ, ಹಲ್ಲುಜ್ಜುವುದು ಎಲ್ಲಕ್ಕೂ ಸೇರಿ ನಿಮಗೆ ಉಳಿಯುವುದು ಎರಡರಿಂದ ನಾಲ್ಕು ಗಂಟೆ.

ವೈದ್ಯರ ಕೈ ಎಲ್ಲಿ ಬೇಕು?

ಎಲ್ಲ ಕವಚಗಳೂ ಮೊದಲೇ ತಯಾರಾಗುವುದಾದರೆ ವೈದ್ಯರ ಅಗತ್ಯವೇನು ಎಂದು ನೀವು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ.

ಮೊದಲನೆಯದಾಗಿ, ಆರಂಭಕ್ಕೆ ಮುನ್ನ ಕ್ಷ-ಕಿರಣ ಚಿತ್ರ ಬೇಕು. ಬೇರಿನ ಉದ್ದ, ಮೂಳೆಯ ಸ್ಥಿತಿ, ಒಳಗೇ ಸಿಕ್ಕಿಕೊಂಡಿರುವ ಹಲ್ಲು, ಇವು ಹೊರಗಿನಿಂದ ಕಾಣುವುದಿಲ್ಲ. ವಸಡಿನ ರೋಗವಿದ್ದಾಗ ಹಲ್ಲನ್ನು ಸರಿಸಿದರೆ ಇದ್ದ ಮೂಳೆಯೂ ನಷ್ಟವಾಗಬಹುದು. ಎರಡನೆಯದಾಗಿ, ನುಣುಪಾದ ಹಲ್ಲನ್ನು ಕವಚ ಹಿಡಿದು ತಿರುಗಿಸಲಾರದು. ಅದಕ್ಕಾಗಿ ಹಲ್ಲಿನ ಮೇಲೆ ಅದೇ ಬಣ್ಣದ ಸಣ್ಣ ಗುಬ್ಬಿಗಳನ್ನು ಅಂಟಿಸುತ್ತಾರೆ. ಜಾಗ ಸಾಲದಿದ್ದಲ್ಲಿ ಎರಡು ಹಲ್ಲುಗಳ ನಡುವೆ ಕೂದಲೆಳೆಯಷ್ಟು ಉಜ್ಜಿ ತೆಗೆಯುತ್ತಾರೆ. ಇವೆರಡೂ ಕುರ್ಚಿಯಲ್ಲಿ ಕುಳಿತೇ ಆಗಬೇಕಾದ ಕೆಲಸಗಳು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕಂಪ್ಯೂಟರಿನ ಯೋಜನೆ ಒಂದು ಅಂದಾಜು ಮಾತ್ರ. ನಿಜವಾದ ಹಲ್ಲು ಅದನ್ನು ಎಲ್ಲ ಕಡೆಯೂ ಪಾಲಿಸುವುದಿಲ್ಲ. 5ನೆಯ ಕವಚದಲ್ಲಿ ಒಂದು ಹಲ್ಲು ಹಿಂದುಳಿದರೆ 6ನೆಯದು ಸರಿಯಾಗಿ ಕೂರದು, 7ನೆಯದು ಇನ್ನೂ ಕೂರದು. ಹಲ್ಲಿಗೂ ಕವಚಕ್ಕೂ ನಡುವೆ ಸಂದು ಕಾಣತೊಡಗುತ್ತದೆ. ಆಗ ಹೊಸ ಚಿತ್ರ ತೆಗೆದು ಹೊಸ ಕವಚಗಳನ್ನು ಮಾಡಿಸಬೇಕು. ಹೀಗೆ ನಡುವೆ ತಿದ್ದುಪಡಿ ಆಗುವುದು ಅಪರೂಪವಲ್ಲ, ವಾಡಿಕೆ. ಆದ್ದರಿಂದಲೇ ವೈದ್ಯರು ಕೆಲವು ವಾರಗಳಿಗೊಮ್ಮೆ ಬರಹೇಳುತ್ತಾರೆ.

ಗಡಿಯಾಚೆಯ ದಂತವೈದ್ಯರು

ಹಲ್ಲಿನ ಚಿಕಿತ್ಸೆಗಾಗಿ ದೇಶ ದಾಟುವುದು ಹೊಸದೇನಲ್ಲ. ಅಮೆರಿಕದ ಅರಿಜೋನ ರಾಜ್ಯದ ಯೂಮಾ ಪಟ್ಟಣದ ಹತ್ತಿರ, ಗಡಿಯಾಚೆ ಮೆಕ್ಸಿಕೊದಲ್ಲಿ ಲಾಸ್ ಆಲ್ಗೊಡೋನೆಸ್ ಎಂಬ ಸಣ್ಣ ಊರಿದೆ. ಕೆಲವು ಸಾವಿರ ಜನ ವಾಸಿಸುವ ಆ ಊರಿನಲ್ಲಿ ದಂತವೈದ್ಯರ ಸಂಖ್ಯೆ ನೂರುಗಳಲ್ಲಿದೆ. ಅದಕ್ಕೆ ‘ದವಡೆಹಲ್ಲಿನ ಊರು’ ಎಂಬ ಅಡ್ಡಹೆಸರೇ ಬಿದ್ದಿದೆ. ಅಮೆರಿಕನ್ನರು ನಡೆದೇ ಗಡಿ ದಾಟಿ ಕಡಿಮೆ ಖರ್ಚಿನಲ್ಲಿ ಹಲ್ಲು ಕಟ್ಟಿಸಿಕೊಂಡು ಹಿಂದಿರುಗುತ್ತಾರೆ. ಯೂರೋಪಿನಲ್ಲಿ ಹಂಗೆರಿಯ ಗಡಿಪಟ್ಟಣ ಶೋಪ್ರೋನ್ ಇಂಥದೇ. ಅಲ್ಲಿಗೆ ಬರುವವರು ಹೆಚ್ಚಾಗಿ ನೆರೆಯ ಆಸ್ಟ್ರಿಯದವರು. ಹೊರದೇಶಗಳಲ್ಲಿ ನೆಲೆಸಿದ ಕನ್ನಡಿಗರು ರಜೆಗೆ ಬಂದಾಗ ಬೆಂಗಳೂರು, ಮಂಗಳೂರುಗಳಲ್ಲಿ ಹಲ್ಲಿನ ಕೆಲಸ ಮುಗಿಸಿಕೊಂಡು ಹೋಗುವುದೂ ಇದೇ ಲೆಕ್ಕಾಚಾರದಿಂದ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಹುಳುಕು ತುಂಬಿಸುವುದು, ಹಲ್ಲಿಗೆ ಟೋಪಿ ಹಾಕಿಸುವುದು ಒಂದೆರಡು ವಾರದಲ್ಲಿ ಮುಗಿಯುವ ಕೆಲಸ. ಹಲ್ಲು ಸರಿಸುವುದು ತಿಂಗಳುಗಟ್ಟಲೆ ನಡೆಯುವ ಕೆಲಸ. ಯೂಮಾದಲ್ಲಿರುವವರು ಎರಡು ತಿಂಗಳಿಗೊಮ್ಮೆ ಗಡಿ ದಾಟಿ ವೈದ್ಯರಿಗೆ ತೋರಿಸಬಲ್ಲರು. ಮೆಲ್ಬರ್ನ್‌ನಲ್ಲಿ ಓದುವ ಹಾಸನದ ವಿದ್ಯಾರ್ಥಿ ಹಾಗೆ ಮಾಡಲಾರ. ವರ್ಷಕ್ಕೊಮ್ಮೆ ಊರಿಗೆ ಬಂದು 26 ಕವಚಗಳನ್ನು ಒಯ್ದವನಿಗೆ 5ನೆಯದರಲ್ಲಿ ಹಾದಿ ತಪ್ಪಿದರೆ ಉಳಿದ 21 ಕವಚಗಳು ಪ್ರಯೋಜನಕ್ಕೆ ಬಾರವು.

ಅಂಚೆಯಲ್ಲಿ ಬಂದ ಚಿಕಿತ್ಸೆ

ವೈದ್ಯರನ್ನು ಎದುರಿಗೆ ಕಾಣದೆಯೇ ಚಿಕಿತ್ಸೆ ನೀಡುವ ಪ್ರಯತ್ನವೂ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಅಮೆರಿಕದಲ್ಲಿ 2014ರಲ್ಲಿ ಆರಂಭವಾದ ಸ್ಮೈಲ್ ಡೈರೆಕ್ಟ್ ಕ್ಲಬ್ ಎಂಬ ಕಂಪೆನಿ ಗ್ರಾಹಕರ ಮನೆಗೆ ಅಚ್ಚು ತೆಗೆಯುವ ಸಾಮಗ್ರಿ ಕಳುಹಿಸುತ್ತಿತ್ತು, ಇಲ್ಲವೇ ತನ್ನ ಅಂಗಡಿಯಲ್ಲಿ ಹಲ್ಲಿನ ಚಿತ್ರ ತೆಗೆಯುತ್ತಿತ್ತು. ದೂರದಲ್ಲಿದ್ದ ವೈದ್ಯರು ಅದನ್ನು ನೋಡಿ ಒಪ್ಪಿಗೆ ಕೊಡುತ್ತಿದ್ದರು. ಕವಚಗಳು ಅಂಚೆಯಲ್ಲಿ ಬರುತ್ತಿದ್ದವು. ಬೆಲೆ ಸುಮಾರು 2,000 ಡಾಲರ್. ವೈದ್ಯರ ಬಳಿ ಆಗುವ ವೆಚ್ಚಕ್ಕಿಂತ ಬಹಳ ಕಡಿಮೆ. ಅಲೈನ್ ಕಂಪೆನಿಯ ಆರಂಭದ ಪೇಟೆಂಟುಗಳ ಅವಧಿ 2017ರಿಂದ ಮುಗಿಯತೊಡಗಿದ್ದರಿಂದ ಬೇರೆ ತಯಾರಕರಿಗೂ ಆ ಹೊತ್ತಿಗೆ ದಾರಿ ಸುಗಮವಾಗಿತ್ತು.

ಸ್ಮೈಲ್ ಡೈರೆಕ್ಟ್ ಕ್ಲಬ್ 2023ರ ಸೆಪ್ಟೆಂಬರಿನಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ಚಿಕಿತ್ಸೆಯ ನಡುವೆ ಇದ್ದವರು ನಡುನೀರಿನಲ್ಲಿ ನಿಂತರು. ಕಂಪೆನಿ ಕೊಟ್ಟಿದ್ದ ಜೀವಮಾನದ ಭರವಸೆ ಅಲ್ಲಿಗೇ ಕೊನೆಗೊಂಡಿತು. ಕಂತಿನಲ್ಲಿ ಹಣ ಕಟ್ಟುತ್ತಿದ್ದವರು ಕಂತು ಮುಂದುವರಿಸಬೇಕೆಂಬ ಸೂಚನೆ ಮಾತ್ರ ಉಳಿಯಿತು. ಹಲವರಿಗೆ ತಮ್ಮ ಬಾಯಿಯನ್ನು ಕಣ್ಣಾರೆ ನೋಡಿದ ವೈದ್ಯರೊಬ್ಬರೂ ಇರಲಿಲ್ಲ. ಕೊಂಡ ವಸ್ತು ಕೈಯಲ್ಲಿದ್ದರೂ, ಅದರ ಹೊಣೆ ಹೊತ್ತವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಹೊರಡುವವರು ಏನು ಮಾಡಬೇಕು?

ಈಗ ನಮ್ಮ ಮೂರು ಪ್ರಶ್ನೆಗಳಿಗೆ ಬರೋಣ.

ನೀವು ಹೊರಡಲು ಇನ್ನು ಆರು ತಿಂಗಳೂ ಇಲ್ಲವೆಂದಾದರೆ, ಚಿಕಿತ್ಸೆ ಅಷ್ಟರಲ್ಲಿ ಮುಗಿಯುವಂಥದೇ ಎಂದು ವೈದ್ಯರನ್ನು ನೇರವಾಗಿ ಕೇಳಿ. ಮುಗಿಯದು ಎಂದರೆ ಆರಂಭಿಸದಿರುವುದೇ ಲೇಸು. ಬಹುಪಾಲು ಸೊಟ್ಟ ಹಲ್ಲುಗಳು ಎರಡು ವರ್ಷ ಕಾದರೂ ಕೆಡುವುದಿಲ್ಲ. ಹುಳುಕು, ವಸಡಿನ ರಕ್ತಸ್ರಾವ ಇವು ಕಾಯುವುದಿಲ್ಲ. ಹೊರಡುವ ಮುನ್ನ ಅವನ್ನು ಸರಿಪಡಿಸಿಕೊಳ್ಳಿ.

ಈಗಾಗಲೇ ಚಿಕಿತ್ಸೆ ಆರಂಭವಾಗಿದ್ದರೆ, ನೀವು ಹೋಗುವ ಊರಿನಲ್ಲಿ ಅದೇ ಪದ್ಧತಿಯ ಕವಚವನ್ನು ಬಳಸುವ ವೈದ್ಯರು ಇದ್ದಾರೆಯೇ ಎಂದು ಮೊದಲೇ ವಿಚಾರಿಸಿ. ಇನ್ನೊಬ್ಬರು ಅರ್ಧ ಮಾಡಿದ ಕೆಲಸವನ್ನು ಕೈಗೆತ್ತಿಕೊಳ್ಳಲು ಎಲ್ಲರೂ ಒಪ್ಪುವುದಿಲ್ಲ. ಒಪ್ಪಿದರೂ ಹೊಸದಾಗಿ ಶುಲ್ಕ ತೆರಬೇಕಾದೀತು. ಫೋನಿನಲ್ಲಿ ಹಲ್ಲಿನ ಚಿತ್ರ ಕಳುಹಿಸಿ ಊರಿನ ವೈದ್ಯರ ಸಲಹೆ ಪಡೆಯಬಹುದು. ಅದು ಉಪಯುಕ್ತವೇ. ಆದರೆ ಉದುರಿದ ಗುಬ್ಬಿಯನ್ನು ಫೋನು ಅಂಟಿಸಲಾರದು.

ಅಲ್ಲಿಯೇ ಆರಂಭಿಸುವುದಾದರೆ ಖರ್ಚನ್ನು ಮೊದಲು ತಿಳಿಯಿರಿ. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ 18 ವರ್ಷದೊಳಗಿನವರಿಗೆ, ಅದೂ ವೈದ್ಯಕೀಯ ಅಗತ್ಯವಿದ್ದರೆ, ಹಲ್ಲು ಸರಿಪಡಿಸುವ ಚಿಕಿತ್ಸೆಯನ್ನು ಉಚಿತವಾಗಿ ನೀಡುತ್ತದೆ. ವಯಸ್ಕರಿಗೆ ಇದು ದೊರೆಯುವುದು ವಿರಳ. ಅಮೆರಿಕದಲ್ಲಿ ಹಲ್ಲಿನ ವಿಮೆ ಸಾಮಾನ್ಯವಾಗಿ ಆರೋಗ್ಯ ವಿಮೆಯಿಂದ ಪ್ರತ್ಯೇಕ. ವಿದ್ಯಾರ್ಥಿ ವಿಮೆಯ ಕಾಗದಗಳನ್ನು ಪೂರ್ತಿ ಓದದೆ ಒಪ್ಪಂದಕ್ಕೆ ಸಹಿ ಹಾಕಬೇಡಿ. ವೈದ್ಯರ ಅರ್ಹತೆಯನ್ನೂ ಪರಿಶೀಲಿಸಿ. ಬ್ರಿಟನ್ನಿನ ಜನರಲ್ ಡೆಂಟಲ್ ಕೌನ್ಸಿಲ್‌ನ ನೋಂದಣಿ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ತಜ್ಞರ ಪಟ್ಟಿ ಅದರಲ್ಲಿ ಬೇರೆಯೇ ಇದೆ. ನಮ್ಮಲ್ಲಿ ಬಿ.ಡಿ.ಎಸ್. ಪದವಿಯ ನಂತರ ಈ ವಿಷಯದಲ್ಲಿ ಮೂರು ವರ್ಷದ ಎಂ.ಡಿ.ಎಸ್. ಮಾಡಿದವರು ತಜ್ಞರು.

ಜೊತೆಯಲ್ಲಿ ಇರಬೇಕಾದವು

1. ಚಿಕಿತ್ಸೆಗೆ ಮುನ್ನ ತೆಗೆದ ಕ್ಷ-ಕಿರಣ ಚಿತ್ರಗಳು, ಛಾಯಾಚಿತ್ರಗಳು ಮತ್ತು ಹಲ್ಲಿನ ಕಂಪ್ಯೂಟರ್ ಚಿತ್ರದ ಪ್ರತಿ.
2. ಒಟ್ಟು ಎಷ್ಟು ಕವಚ, ಈಗ ಎಷ್ಟನೆಯದು, ಯಾವ ಹಲ್ಲುಗಳ ಮೇಲೆ ಗುಬ್ಬಿಗಳಿವೆ ಎಂಬ ವೈದ್ಯರ ಪತ್ರ.
3. ಹಿಂದಿನ ಕವಚ. ಈಗಿನದು ಕಳೆದುಹೋದರೆ, ವೈದ್ಯರು ಹೇಳುವವರೆಗೆ ಹಲ್ಲು ಹಿಂದಕ್ಕೆ ಜರುಗದಂತೆ ತಡೆಯಲು ಅದು ಬೇಕಾಗುತ್ತದೆ. ವಿಮಾನದಲ್ಲಿ ಕವಚಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.
4. ಹಣ ಪಾವತಿಯ ರಸೀದಿ, ಮತ್ತು ನಡುವೆ ನಿಲ್ಲಿಸಿದರೆ ಎಷ್ಟು ಹಿಂದಿರುಗಿಸುತ್ತಾರೆ ಎಂಬುದರ ಲಿಖಿತ ವಿವರ.

ಕವಚವನ್ನು ಬಿಸಿನೀರಿನಲ್ಲಿ ತೊಳೆಯಬಾರದು. ಅದರ ಆಕಾರ ಕೆಡುತ್ತದೆ. ಅದನ್ನು ಧರಿಸಿಕೊಂಡು ಕಾಫಿ, ಟೀ ಕುಡಿಯಬಾರದು; ಕಲೆಯಾಗುತ್ತದೆ. ಚಿಕಿತ್ಸೆ ಮುಗಿದ ಮೇಲೂ ಹಲ್ಲನ್ನು ನಿಂತಲ್ಲೇ ಹಿಡಿದಿಡುವ ರಿಟೇನರ್ ಧರಿಸಬೇಕು. ಹಲ್ಲಿನ ಸುತ್ತಣ ನಾರುಗಳು ಹೊಸ ಸ್ಥಾನಕ್ಕೆ ಒಗ್ಗಿಕೊಳ್ಳಲು ತಿಂಗಳುಗಳೇ ಬೇಕು. ಇದನ್ನು ಮರೆತವರ ಹಲ್ಲು ಮೆಲ್ಲಗೆ ಹಳೆಯ ದಾರಿ ಹಿಡಿಯುತ್ತದೆ.

ವಿದ್ಯಾರ್ಥಿಗಳೇ, ಅಂದವಾದ ನಗು ಬೇಕೆನ್ನುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಯಾವ ದೇಶದಲ್ಲಿ ಅಗ್ಗ ಎಂದು ಕೇಳುವ ಮೊದಲು, ಮುಂದಿನ ಒಂದೂವರೆ ವರ್ಷ ನಾನು ಎಲ್ಲಿರುತ್ತೇನೆ, ನನ್ನ ಬಾಯಿ ತೆರೆಸಿ ನೋಡುವವರು ಯಾರು ಎಂದು ಕೇಳಿಕೊಳ್ಳಿ. ಅದಕ್ಕೆ ಒಂದು ಊರಿನ ಹೆಸರೂ ಒಬ್ಬ ವೈದ್ಯರ ಹೆಸರೂ ನಿಮ್ಮಲ್ಲಿ ಸಿದ್ಧವಿದ್ದರೆ ಚಿಕಿತ್ಸೆಯನ್ನು ಧೈರ್ಯವಾಗಿ ಆರಂಭಿಸಬಹುದು.