ಕಾಲಯಂತ್ರವೂ ಬಾರಕೂರಿನ ಬಾಲಕನೂ

ಒಮ್ಮೆ ನಗೆಪಾಟಲಿನ ವಸ್ತುವೆಂದು ಬದಿಗೆ ಸರಿಸಿದುದನ್ನು ವೃದ್ಧಾಪ್ಯದ ಹೊಸ್ತಿಲಲ್ಲಿ ಮರಳಿ ಕೈಗೆತ್ತಿಕೊಂಡಾಗ, ಅದರೊಳಗೆ ನಮ್ಮದೇ ತಪ್ಪೊಂದು ಅಡಗಿ ಕುಳಿತಿರುವುದನ್ನು ಕಾಣುವ ಪ್ರಸಂಗವು ಯಾರಿಗಾದರೂ ಬರಬಹುದು. ನಮಗೆ ಅದು ಒಂದು ಚಲಚ್ಚಿತ್ರದ ದ್ವಾರಾ ಒದಗಿತು.

1991ರಲ್ಲಿ ತೆರೆಕಂಡ 'ಆದಿತ್ಯ 369' ಎಂಬ ತೆಲುಗು ಚಿತ್ರವೇ ಅದು. ಇದರ ನಿರ್ದೇಶಕರಾದ ಸಿಂಗೀತಂ ಶ್ರೀನಿವಾಸರಾಯರು ಕನ್ನಡಿಗರಿಗೆ ಅಪರಿಚಿತರಲ್ಲ. 'ಹಾಲು ಜೇನು' (1982), 'ಶ್ರಾವಣ ಬಂತು' (1984) ಎಂಬ ಚಿತ್ರಗಳನ್ನೂ, ಮಾತೇ ಇಲ್ಲದೆ ಎಲ್ಲರನ್ನೂ ನಗಿಸಿದ 'ಪುಷ್ಪಕ ವಿಮಾನ'ವನ್ನೂ (1987) ನಮಗಿತ್ತವರು ಅವರೇ. ಇಂಗ್ಲೆಂಡಿನ ಎಚ್. ಜಿ. ವೆಲ್ಸನು 1895ರಲ್ಲಿ ಪ್ರಕಟಿಸಿದ ಕಾಲಯಂತ್ರದ ಕಥೆಯಿಂದ ಸ್ಫೂರ್ತಿ ಪಡೆದು, ಅದಕ್ಕೆ ನಮ್ಮ ನೆಲದ ಮಣ್ಣನ್ನೂ ನಗೆಯನ್ನೂ ಬೆರೆಸಿ ಅವರು ಈ ಚಿತ್ರವನ್ನು ರಚಿಸಿದರು.

ಕಥೆಯು ವಿಚಿತ್ರವಾದುದು. ಒಬ್ಬ ವಿಜ್ಞಾನಿಯು ಕಾಲದಲ್ಲಿ ಸಂಚರಿಸುವ ಯಂತ್ರವೊಂದನ್ನು ನಿರ್ಮಿಸುತ್ತಾನೆ. ಆತನ ಮಗಳೂ, ಅವಳನ್ನು ಪ್ರೀತಿಸುವ ತರುಣನೂ, ಏನೂ ಅರಿಯದ ಒಬ್ಬ ಪೋಲೀಸು ಪೇದೆಯೂ ಅದರೊಳಗೆ ಸಿಕ್ಕಿ, 1526ನೆಯ ಇಸವಿಯ ವಿಜಯನಗರದಲ್ಲಿ ಹೋಗಿ ಇಳಿಯುತ್ತಾರೆ. ಅಲ್ಲಿ ಕೃಷ್ಣದೇವರಾಯನ ಆಸ್ಥಾನ, ತೆನಾಲಿ ರಾಮಕೃಷ್ಣ, ರಾಜನರ್ತಕಿ, ಒಂದು ಅಪೂರ್ವ ವಜ್ರ. ತರುಣನಾಗಿಯೂ ರಾಯನಾಗಿಯೂ ನಟಿಸಿದವರು ಒಬ್ಬರೇ, ನಂದಮೂರಿ ಬಾಲಕೃಷ್ಣರು. ಅನಂತರ ಯಂತ್ರವು ಅವರನ್ನು 2504ನೆಯ ಇಸವಿಗೆ ಎತ್ತಿ ಒಯ್ಯುತ್ತದೆ. ಅಲ್ಲಿ ಅಣುಯುದ್ಧದಿಂದ ಭೂಮಿಯ ಮೇಲ್ಮೈ ವಿಷಮಯವಾಗಿ, ಮನುಷ್ಯರು ನೆಲದಡಿಯಲ್ಲಿ ವಾಸಿಸುತ್ತಿರುತ್ತಾರೆ. ಒಂದೇ ಕಥೆಯಲ್ಲಿ ರತ್ನಖಚಿತವಾದ ನಿನ್ನೆಯೂ ಬಿಲದಲ್ಲಿ ಅವಿತ ನಾಳೆಯೂ ಇವೆ. ನಗುತ್ತ ನೋಡುವವನ ನಗೆಯು ಅಲ್ಲಿ ಅರೆಕ್ಷಣ ನಿಲ್ಲುವುದು ಸಹಜ.

ಇಂತಹ ಕಲ್ಪನೆಯು ಪಾಶ್ಚಾತ್ಯರಿಂದ ಬಂದುದೆಂದು ನಾವು ಬಹುಕಾಲ ತಾತ್ಸಾರದಿಂದಿದ್ದೆವು. ಆದರೆ ಭಾಗವತದ ನವಮಸ್ಕಂಧವನ್ನು ಪಾಠ ಹೇಳಿದ ನಮಗೆ ಕಕುದ್ಮಿರಾಜನ ಕಥೆಯು ಮರೆತುಹೋದುದಾದರೂ ಹೇಗೆ? ಮಗಳಾದ ರೇವತಿಗೆ ವರನನ್ನು ಕೇಳಲು ಆತನು ಬ್ರಹ್ಮಲೋಕಕ್ಕೆ ಹೋದನು. ಅಲ್ಲಿ ಗಂಧರ್ವರ ಗಾನ ನಡೆಯುತ್ತಿದ್ದುದರಿಂದ ಕ್ಷಣಕಾಲ ಕಾದನು. ಗಾನ ಮುಗಿದ ಮೇಲೆ ಬ್ರಹ್ಮನು ನಕ್ಕು, ಅಷ್ಟರಲ್ಲಿ ಭೂಲೋಕದಲ್ಲಿ ಇಪ್ಪತ್ತೇಳು ಚತುರ್ಯುಗಗಳು ಕಳೆದುವೆಂದೂ, ಮನಸ್ಸಿನಲ್ಲಿದ್ದ ವರರ ಹೆಸರೂ ಅಳಿದಿದೆಯೆಂದೂ ತಿಳಿಸಿದನು. ಕೊನೆಗೆ ರೇವತಿಯು ಬಲರಾಮನ ಕೈಹಿಡಿದಳು. ಪೂರ್ವಯುಗದ ಆಕೆ ಬಹಳ ಎತ್ತರವಾಗಿದ್ದುದರಿಂದ ಬಲರಾಮನು ನೇಗಿಲ ತುದಿಯಿಂದ ಆಕೆಯನ್ನು ತಗ್ಗಿಸಿದನೆಂದು ವಿಷ್ಣುಪುರಾಣವು ಹೇಳುತ್ತದೆ. ಇದಕ್ಕಿಂತ ವಿನೋದವಾದ ಕಾಲಪ್ರಯಾಣವು ಯಾವ ಚಿತ್ರದಲ್ಲಿದೆ? 2024ರಲ್ಲಿ ಬಂದ 'ಬ್ಲಿಂಕ್' ಎಂಬ ಕನ್ನಡ ಚಿತ್ರದಲ್ಲಿ ರೆಪ್ಪೆ ಮಿಟುಕಿಸದಿರುವ ತನಕ ಮಾತ್ರ ಅನ್ಯಕಾಲದಲ್ಲಿ ಇರಬಹುದೆಂಬ ಕಲ್ಪನೆಯಿದೆ. ರೆಪ್ಪೆ ಮಿಟುಕುವುದಕ್ಕೇ 'ನಿಮೇಷ'ವೆಂದು ಹೆಸರಿಟ್ಟು ಕಾಲವನ್ನು ಅಳೆದವರೂ, ದೇವತೆಗಳನ್ನು 'ಅನಿಮಿಷ'ರೆಂದು ಕರೆದವರೂ ನಮ್ಮ ಹಿರಿಯರಲ್ಲವೆ?

ಇನ್ನು ನಮ್ಮ ತಪ್ಪಿನ ಮಾತು. ನಾವು ಆಗ ಹೊಸದಾಗಿ ಉಪಾಧ್ಯಾಯರಾಗಿದ್ದೆವು. ನಮ್ಮ ಕಡೆಯ ಅನೇಕರು ಹೋಟೆಲು ಕೆಲಸಕ್ಕೆಂದು ದೂರದ ಊರುಗಳಿಗೆ ಹೋಗುವವರಷ್ಟೆ. ಹೈದರಾಬಾದಿನಲ್ಲಿದ್ದ ಮಾವನು ತಂದ ಕ್ಯಾಸೆಟ್ಟಿನಲ್ಲಿ ಈ ಚಿತ್ರವನ್ನು ನೋಡಿದ್ದ ಬಾರಕೂರಿನ ಕಡೆಯ ಹುಡುಗನೊಬ್ಬನು, ವಿಜಯನಗರದ ಪಾಠವು ನಡೆಯುತ್ತಿರುವಾಗ ಎದ್ದು ನಿಂತು, "ಮಾಷ್ಟ್ರೇ, ಆ ಮಿಷನು ನಮ್ ಬಾರ್ಕೂರಿಗೆ ಬತ್ತಿಲ್ಯಾ?" ಎಂದು ಕೇಳಿದನು. ತರಗತಿಯು ನಕ್ಕಿತು. ನಾವೂ ನಕ್ಕೆವು. ನಕ್ಕು ಸುಮ್ಮನಾಗದೆ, "ಸಿನಿಮಾ ನೋಡಿ ಚರಿತ್ರೆ ಕಲಿಯುವ ಪಂಡಿತ" ಎಂದು ಅವನನ್ನು ಹಂಗಿಸಿದೆವು. ಆ ವರ್ಷವೆಲ್ಲ ಅವನು ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ.

2025ರಲ್ಲಿ ಆ ಚಿತ್ರವು ಮರಳಿ ತೆರೆಗೆ ಬಂದ ಸುದ್ದಿಯನ್ನು ಕೇಳಿ, ಮನೆಯಲ್ಲಿ ಮೊಮ್ಮಗಳೊಡನೆ ಕುಳಿತು ಅದನ್ನು ಮೊದಲ ಬಾರಿಗೆ ಪೂರ್ತಿಯಾಗಿ ನೋಡಿದೆವು. ಅಂದಿನ ಯಂತ್ರವೂ ಭವಿಷ್ಯದ ಉಡುಗೆತೊಡುಗೆಯೂ ಇಂದಿನ ಮಕ್ಕಳಿಗೆ ಆಟಿಕೆಯಂತೆ ಕಂಡರೂ, ಪೇದೆಯ ಪಾಡನ್ನು ಕಂಡು ಮಗುವು ಹೊಟ್ಟೆ ಹಿಡಿದುಕೊಂಡು ನಕ್ಕಿತು. ದೋಷಗಳಿಲ್ಲವೆಂದಲ್ಲ. 1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯನು ತೆಲುಗಿನಲ್ಲಿ 'ಆಮುಕ್ತಮಾಲ್ಯದ'ವನ್ನು ಬರೆದಂತೆ ಸಂಸ್ಕೃತದಲ್ಲಿ 'ಜಾಂಬವತೀಕಲ್ಯಾಣ'ವನ್ನೂ ಬರೆದನು. ಕುಮಾರವ್ಯಾಸನು ಉಳಿಸಿಹೋದ ಭಾರತವನ್ನು ಕನ್ನಡದಲ್ಲಿ ಮುಂದುವರಿಸಿದ ತಿಮ್ಮಣ್ಣಕವಿಯು ಅವನ ಆಶ್ರಯದಲ್ಲಿದ್ದವನು. ಬಹುಭಾಷೆಗಳ ಆ ಸಭೆಯು ಚಿತ್ರದಲ್ಲಿ ಒಂದೇ ಭಾಷೆಯದಾಯಿತು. ಆದರೆ ಚಿತ್ರವು ಮುಗಿದೊಡನೆ ಮೊಮ್ಮಗಳು, "ಅಜ್ಜಯ್ಯ, ಆ ರಾಜ ನಮ್ಮೂರನ್ನೂ ಆಳುತ್ತಿದ್ದನೋ?" ಎಂದು ಕೇಳಿದಳು. ಮೂವತ್ತು ವರ್ಷಗಳ ಹಿಂದಿನ ಪ್ರಶ್ನೆಯೇ ಬೇರೊಂದು ಕಂಠದಿಂದ ಬಂದಂತಾಗಿ ನಾವು ಕ್ಷಣಕಾಲ ಮಾತಿಲ್ಲದವರಾದೆವು.

ಮರುದಿನ ಬ್ರಹ್ಮಾವರದ ಹಾದಿಯಾಗಿ ಅವಳನ್ನು ಬಾರಕೂರಿಗೆ ಕರೆದೊಯ್ದೆವು. ಆಳುಪರ ರಾಜಧಾನಿಯಾಗಿದ್ದ ಈ ಊರು ವಿಜಯನಗರದ ಅರಸರ ಕಾಲದಲ್ಲಿ ಬಾರಕೂರು ರಾಜ್ಯವೆಂಬ ಪ್ರಾಂತ್ಯದ ಮುಖ್ಯಸ್ಥಾನವಾಗಿತ್ತು. ಇಲ್ಲಿಂದಲೂ ಕುಂದಾಪುರದ ಬಳಿಯ ಬಸರೂರಿನಿಂದಲೂ ಅಕ್ಕಿಯು ಹಡಗುಗಳಲ್ಲಿ ದೂರದ ಓರ್ಮುಜಿನವರೆಗೆ ಹೋಗುತ್ತಿದ್ದಿತೆಂಬುದು ಸುಮಾರು 1516ರಲ್ಲಿ ಬರೆದ ಪೋರ್ತುಗೀಸ ಬಾರ್ಬೊಸನ ವೃತ್ತಾಂತದಿಂದ ತಿಳಿಯುತ್ತದೆ. ಚಿತ್ರದ ಯಂತ್ರವು 1526ರಲ್ಲಿ ಹಂಪೆಯನ್ನು ಬಿಟ್ಟು ಇಲ್ಲಿ ಇಳಿದಿದ್ದರೆ, ಪೇದೆಯು ವಜ್ರದ ಬದಲು ಅಕ್ಕಿಮುಡಿಗಳನ್ನು ಕಾಣುತ್ತಿದ್ದನು. ರಾಯನಿಗೆ ಬದಲಾಗಿ ಬಾರಕೂರಿನ ಅಧಿಕಾರಿಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದನು. ಕತ್ತಲೆ ಬಸದಿಯ ಕಲ್ಲುಗಳ ನಡುವೆ ಇದನ್ನು ಹೇಳಿದಾಗ ಮಗುವು ಪೇದೆಯ ನಡಿಗೆಯನ್ನು ನಟಿಸಿ ತೋರಿಸಿತು. ಮನೆಗೆ ಮರಳುವಾಗ, ಚೌಳಿಕೇರಿ, ಮಣಿಗಾರಕೇರಿ, ಕೋಟೆಕೇರಿ ಎಂದು ಕೇರಿಗಳ ಹೆಸರುಗಳನ್ನು ಜಪದಂತೆ ಹೇಳಿಕೊಳ್ಳುತ್ತಿತ್ತು. ಅಷ್ಟು ವರ್ಷ ಪಾಠ ಹೇಳಿಯೂ ನಾವು ಒಬ್ಬ ವಿದ್ಯಾರ್ಥಿಯನ್ನಾದರೂ ಇಲ್ಲಿಗೆ ಕರೆತಂದಿರಲಿಲ್ಲ.

ಗೃಹಸ್ಥರಾದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಮಕ್ಕಳು ಸಿನಿಮಾ ನೋಡಿ ಹುಚ್ಚುಪ್ರಶ್ನೆಯನ್ನು ಕೇಳಿದಾಗ ಅವರನ್ನು ಹಂಗಿಸಬೇಡಿ. ಬೈಂದೂರಿನವರಿಗೆ ಸೇನೇಶ್ವರನ ಗುಡಿಯಿದೆ, ಕುಂದಾಪುರದವರಿಗೆ ಬಸರೂರಿದೆ; ಒಂದು ಭಾನುವಾರ ಮಗುವಿನ ಕೈಹಿಡಿದು ಅಲ್ಲಿಗೆ ಹೋಗಿಬನ್ನಿ.

ಆ ಹುಡುಗನಿಗೆ ಈಗ ನಲವತ್ತೈದು ದಾಟಿರಬೇಕು. ಎಲ್ಲಿದ್ದಾನೋ ನಾವರಿಯೆವು. ಈ ಪುಟವು ಅವನ ಕಣ್ಣಿಗೆ ಬಿದ್ದರೆ, ಅಂದು ಕೊಡದ ಉತ್ತರವನ್ನು ಈಗಲಾದರೂ ಸ್ವೀಕರಿಸಲಿ: ಮಗೂ, ಬರುತ್ತದೆ, ನಮ್ಮ ಬಾರಕೂರಿಗೂ ಬರುತ್ತದೆ. ನೀನು ಕೇಳಿದ್ದು ಸರಿಯಾಗಿಯೇ ಇತ್ತು.