ಖಾಲಿಯಾದ ಬ್ಯಾಟರಿ ಖಾಲಿಯಲ್ಲ

ಮೊಬೈಲಿನ ಚಾರ್ಜ್ ಸೊನ್ನೆಗೆ ಇಳಿದು ಪರದೆ ಆರಿಹೋದಾಗಲೂ ಅದರ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಸುಮಾರು 3 ವೋಲ್ಟ್ ಉಳಿದೇ ಇರುತ್ತದೆ. ಪೂರ್ತಿ ತುಂಬಿದ್ದಾಗ ಇರುವುದೇ ಸಾಮಾನ್ಯವಾಗಿ 4.2 ವೋಲ್ಟ್. ತೀರ ಬರಿದಾದರೆ ಸೆಲ್ ಕೆಡುತ್ತದೆಂದು ಒಳಗಿನ ಸರ್ಕ್ಯೂಟ್ ಮೊದಲೇ ಸಂಪರ್ಕ ಕಡಿಯುತ್ತದೆ, ಅಷ್ಟೆ. ನಾವು ಕಸಕ್ಕೆ ಎಸೆಯುವುದು ಇಂಥ ಬ್ಯಾಟರಿಯನ್ನು.

ಸೆಲ್‌ನ ಒಂದು ಬದಿಗೆ ತಾಮ್ರದ ಹಾಳೆಗೆ ಬಳಿದ ಗ್ರಾಫೈಟ್, ಇನ್ನೊಂದು ಬದಿಗೆ ಅಲ್ಯೂಮಿನಿಯಂ ಹಾಳೆಗೆ ಬಳಿದ ಲೋಹದ ಆಕ್ಸೈಡ್. ನಡುವೆ ತಲೆಗೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ. ಎಲ್ಲವೂ ನೆನೆದಿರುವುದು ಬೇಗ ಹೊತ್ತಿಕೊಳ್ಳುವ ದ್ರಾವಣದಲ್ಲಿ. ಬ್ಯಾಟರಿ ಜಜ್ಜಿಹೋದರೆ, ಮೊಳೆ ಚುಚ್ಚಿದರೆ ಪೊರೆ ಹರಿದು ಎರಡೂ ಬದಿ ತಾಗುತ್ತವೆ. ಶಾರ್ಟ್ ಆಗಿ ಕಾವೇರುತ್ತದೆ. ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೊರೆಯೇ ಕರಗತೊಡಗುತ್ತದೆ. ಇನ್ನೂ ಬಿಸಿಯಾದರೆ ಆಕ್ಸೈಡ್ ಒಡೆದು ಆಮ್ಲಜನಕ ಬಿಡುತ್ತದೆ. ಒಂದು ಕ್ರಿಯೆಯ ಶಾಖ ಮುಂದಿನದನ್ನು ಕೆರಳಿಸುವುದರಿಂದ, ಚಾರ್ಜರ್ ಕಿತ್ತರೂ ಅದು ನಿಲ್ಲುವುದಿಲ್ಲ. ಬರುವ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲವೂ ಇರುತ್ತದೆ.

ಹಾಸಿಗೆಯ ಮೇಲೆ, ದಿಂಬಿನಡಿ ಚಾರ್ಜಿಗಿಟ್ಟರೆ ಕಾವು ಹೊರಹೋಗದು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಲೇಬಾರದು, ಒತ್ತಿ ಸರಿಮಾಡಲೂ ಹೋಗಬಾರದು. ಸ್ಕೂಟರಿನ ಬ್ಯಾಟರಿಯನ್ನು ಬಾಗಿಲ ಬಳಿ, ಮೆಟ್ಟಿಲ ಕೆಳಗೆ ಚಾರ್ಜಿಗೆ ಹಾಕುವುದಂತೂ ಅತ್ಯಂತ ಅಪಾಯಕರ: ಬೆಂಕಿ ಬಿದ್ದರೆ ಓಡುವ ದಾರಿಯೇ ಮುಚ್ಚಿಹೋಗುತ್ತದೆ. ಹೊಗೆ ಕಂಡೊಡನೆ ಮನೆಮಂದಿಯೆಲ್ಲ ಹೊರಗೆ ಬಂದು 112ಕ್ಕೆ ಕರೆಮಾಡಬೇಕು. ಈ ಬೆಂಕಿಗೆ ಅಗ್ನಿಶಾಮಕದವರು ಸುರಿಯುವುದು ಹೇರಳ ನೀರನ್ನೇ, ಸೆಲ್‌ಗಳನ್ನು ತಣಿಸಲು. ಆರಿದಂತೆ ಕಂಡದ್ದು ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳಬಹುದು.

ಮನೆಯೊಳಗಿನ ಬೆಂಕಿ ನಮ್ಮ ಕಣ್ಣಿಗೆ ಬೀಳುತ್ತದೆ. ಕಸದ್ದು ಬೀಳುವುದು ಪೌರಕಾರ್ಮಿಕರ ಮೈಮೇಲೆ. ಬೆಂಗಳೂರಿನಲ್ಲಿ ಆಟೋ ಟಿಪ್ಪರ್ ತುಂಬಿಕೊಂಡ ಕಸ ಕಾಂಪ್ಯಾಕ್ಟರ್ ಲಾರಿ ಸೇರುತ್ತದೆ. ಆ ಲಾರಿಯ ಕೆಲಸವೇ ಕಸವನ್ನು ಅದುಮಿ ಜಜ್ಜುವುದು. ಸುತ್ತಲೂ ಕಾಗದ, ಪ್ಲಾಸ್ಟಿಕ್. ಒಂದೇ ಒಂದು ಪವರ್ ಬ್ಯಾಂಕ್ ಸಾಕು. ಇಯರ್‌ಬಡ್, ಟ್ರಿಮ್ಮರ್, ಆಟಿಕೆ, ಎಷ್ಟೋ ಸೊಳ್ಳೆ ಬ್ಯಾಟ್‌ಗಳ ಒಳಗೂ ಲಿಥಿಯಂ ಅಡಗಿದೆ. ಒಣ ಕಸ ವಿಂಗಡಿಸುವ ಹೆಂಗಸರಿಗೆ ಅದು ಹೊರಗಿನಿಂದ ಗೊತ್ತಾಗುವುದಾದರೂ ಹೇಗೆ?

ಕೇಂದ್ರ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಹಾಗಾಗಿ ಕೊಂಡ ಅಂಗಡಿಯಲ್ಲೋ ಸರ್ವಿಸ್ ಸೆಂಟರಿನಲ್ಲೋ ಹಿಂದಕ್ಕೆ ಪಡೆಯಲು ಕೇಳಿ. ಇಲ್ಲವೇ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ. ಅಲ್ಲಿಯವರೆಗೆ ಎರಡೂ ತುದಿಗಳಿಗೆ ಟೇಪ್ ಅಂಟಿಸಿ, ಕೀಲಿಕೈ, ನಾಣ್ಯ ತಾಗದಂತೆ ತಂಪಾದ ಒಣ ಜಾಗದಲ್ಲಿ ಬೇರೆಯಾಗಿಡಿ.