ಗುಡ್ಡದ ಮೇಲೆ ಒಡೆದ ಬಳೆ

ಶಿವರಾತ್ರಿ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯ ಒಕ್ಕಲುಗಳು ಕೆ.ಆರ್. ನಗರ ತಾಲ್ಲೂಕಿನ ಕಪ್ಪಡಿಯ ದಾರಿ ಹಿಡಿಯುತ್ತವೆ. ಟ್ರ್ಯಾಕ್ಟರಿನಲ್ಲಿ ಸೌದೆ, ಪಾತ್ರೆ, ಚಾಪೆ, ಅವುಗಳ ನಡುವೆ ನಿದ್ದೆಗಣ್ಣಿನ ಮಕ್ಕಳು. ಕಾವೇರಿ ದಡದಲ್ಲಿ ಮೂರು ಕಲ್ಲಿಟ್ಟು ಹೂಡಿದ ಒಲೆಗಳ ಹೊಗೆ, ಮಸಾಲೆ ಅರೆಯುವ ಸದ್ದು, ರಾಚಪ್ಪಾಜಿ ಮತ್ತು ಚನ್ನಾಜಮ್ಮನ ಗದ್ದುಗೆ ಕಡೆಯಿಂದ ಬರುವ ಸಾಂಬ್ರಾಣಿಯ ವಾಸನೆ. ಕತ್ತಲಾಗಿ ಊಟ ಮುಗಿದ ಮೇಲೆ ನೀವೂ ಬಂದು ಕೂರಿ. ಹಣೆಗೆ ಕಪ್ಪುಧೂಳ್ತ ಹಚ್ಚಿಕೊಂಡ ನೀಲಗಾರರು ತಂಬೂರಿ ಶ್ರುತಿ ಮಾಡಿಕೊಂಡು, ಗಗ್ಗರ ಅಲುಗಿಸಿ, ಧರೆಗೆ ದೊಡ್ಡವರನ್ನು ಕರೆದು ಮಂಟೇಸ್ವಾಮಿಯ ಕತೆಗೆ ಇಳಿಯುತ್ತಾರೆ.

ನಿಡುಘಟ್ಟದ ಆಚಾರಿಯ ಮನೆಗೆ ಕತೆ ಬಂದಾಗ ಕೂತ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಳ್ಳುವುದುಂಟು. ಕಬ್ಬಿಣದ ಕೆಲಸದ ಆ ಮನೆಯ ಮಗ ಕೆಂಪಾಚಾರಿಯನ್ನು ಮಂಟೇಸ್ವಾಮಿ ತನ್ನ ಶಿಶುಮಗನಾಗಿ ಬೇಡುತ್ತಾನೆ, ಹೆತ್ತವರು ಕೊಡೆವು ಎನ್ನುತ್ತಾರೆ, ಮನೆಯ ಮೇಲೆ ಕಷ್ಟದ ಮೇಲೆ ಕಷ್ಟ ಬೀಳುತ್ತದೆ. ದೇವರು ಕೂಸನ್ನು ಕೇಳಿದಾಗ ಮನೆಯೊಂದು ಹೇಗೆ ನಲುಗುತ್ತದೆ ಎಂಬುದನ್ನು ಈ ಸೀಮೆಯ ಜನ ತಲೆಮಾರುಗಳಿಂದ ಹಾಡಿ ಅತ್ತಿದ್ದಾರೆ. ಆದರೆ ಆ ಕೆಂಪಾಚಾರಿ ಮುಂದೆ ಸಿದ್ದಪ್ಪಾಜಿಯಾದ, ಗದ್ದುಗೆ ಏರಿದ. ಅವನ ಹೆಸರಿನಲ್ಲಿ ದೀಕ್ಷೆ ಪಡೆದ ನೀಲಗಾರ ಮನೆ ಬಾಗಿಲಿಗೆ ಬಂದರೆ ಒಕ್ಕಲಿನವರು ಕಾಲು ಮುಟ್ಟಿ ನಮಸ್ಕರಿಸುತ್ತಾರೆ.

ದೇವರು ಹೆಣ್ಣುಕೂಸನ್ನು ಕೇಳಿದ ಕಡೆ ಏನಾಯಿತು ಎಂಬುದನ್ನು ನೋಡಬೇಕಾದರೆ ಕಾವೇರಿಯನ್ನು ಬಿಟ್ಟು ಮಲಪ್ರಭೆಯ ಸೀಮೆಗೆ, ಬೆಳಗಾವಿ ಜಿಲ್ಲೆಯ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಬೇಕು. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಗೆ ಹೋದರೆ ಒಳ್ಳೆಯದು. ಊರವರ ಬಾಯಲ್ಲಿ ಅದು ರಂಡಿ ಹುಣ್ಣಿಮೆ.

ಡಿಸೆಂಬರಿನ ಚಳಿ ಬಯಲಿನ ಮೇಲೆ ಹರಡಿರುತ್ತದೆ. ಗುಡ್ಡ ಹತ್ತುವ ಮೊದಲೇ ಜೋಗುಳಬಾವಿಯಲ್ಲಿ ಮಿಂದವರ ಒದ್ದೆ ಸೀರೆಗಳು, ಕಿವಿಗೆ ಸಿಕ್ಕಿಸಿದ ಬೇವಿನ ಎಸಳು, ಗಾಳಿಯಲ್ಲೆಲ್ಲ ಭಂಡಾರದ ಅರಿಶಿನ. ಅಂಗೈ, ಹಣೆ, ಎತ್ತಿನ ಕೊಂಬು, ಬಸ್ಸಿನ ಗಾಜು, ಎಲ್ಲವೂ ಹಳದಿ. ಮೆಟ್ಟಿಲ ಬದಿಯಲ್ಲಿ ಕಾಯಿ-ಕರ್ಪೂರದ ಅಂಗಡಿ, ಕವಡೆ ಸರದ ಅಂಗಡಿ. ಉಧೋ ಉಧೋ ಎಂಬ ಕೂಗು ಒಂದು ಗುಂಪಿನಿಂದ ಎದ್ದು ಇನ್ನೊಂದು ಗುಂಪಿಗೆ ದಾಟುತ್ತ ಮೇಲಕ್ಕೆ ಏರುತ್ತದೆ. ಜೋಗತಿಯರು ತಲೆಯ ಮೇಲೆ ಪಡ್ಲಗಿ ಹೊತ್ತು ಬರುತ್ತಾರೆ. ಒಬ್ಬಾಕೆಯ ಎಡಗಂಕುಳಲ್ಲಿ ಚೌಡಿಕಿ, ಒಂದು ಬದಿಗೆ ತೊಗಲು ಬಿಗಿದ ಕೊಳವೆ, ಒಂದೇ ತಂತಿ. ಬೆರಳು ಮೀಟಿದಾಗ ಗುಂಯ್ ಎಂದು ಏಳುವ ನಾದಕ್ಕೆ ಇನ್ನೊಬ್ಬಾಕೆ ಶ್ರುತಿ ಹಿಡಿಯುತ್ತಾಳೆ, ಮತ್ತೊಬ್ಬಾಕೆ ತಾಳ ಹಾಕುತ್ತಾಳೆ. ಹಾಡುವ ಕಂಠ ಒರಟು. ಬಯಲಲ್ಲಿ, ಬಿಸಿಲಲ್ಲಿ, ಹಸಿವಿನಲ್ಲಿ ಹಾಡಿ ಹಾಡಿ ಗಟ್ಟಿಯಾದ ಕಂಠ.

ಕತೆ ನಿಮಗೆ ಗೊತ್ತಿದೆ. ಕಾರ್ತವೀರ್ಯಾರ್ಜುನನ ಕಡೆಯವರ ಕೈಯಲ್ಲಿ ಜಮದಗ್ನಿ ಸತ್ತ, ಇಲ್ಲಿ ಯಲ್ಲಮ್ಮನಾಗಿ ನಿಂತಿರುವ ರೇಣುಕೆಯ ಮುತ್ತೈದೆತನ ಹೋಯಿತು. ಆ ದುಃಖವನ್ನು ಈ ಹುಣ್ಣಿಮೆಯಲ್ಲಿ ಮಾಡಿ ತೋರಿಸುತ್ತಾರೆ. ಕಂಕಣ ಮಂಗಳದ ಹೊತ್ತಿಗೆ ಹೆಂಗಸರು ಕೈ ಮುಂದೆ ಚಾಚುತ್ತಾರೆ, ಹಸಿರು ಗಾಜು ಚಿಟಿಚಿಟಿ ಒಡೆದು ನೆಲಕ್ಕೆ ಉದುರುತ್ತದೆ. ಕೆಲವರ ಮಣಿಕಟ್ಟಿನಲ್ಲಿ ರಕ್ತ ಜಿನುಗುತ್ತದೆ, ಕುಂಕುಮ ಅಳಿಸುತ್ತದೆ, ಅಳು ಏಳುತ್ತದೆ. ಮಾಘದ ಭಾರತ ಹುಣ್ಣಿಮೆಗೆ ಜಮದಗ್ನಿ ಎದ್ದ ನೆನಪಿನಲ್ಲಿ ಮತ್ತೆ ಬಳೆ ಇಡಿಸಿಕೊಳ್ಳುತ್ತಾರೆ. ಅದು ಮುತ್ತೈದೆ ಹುಣ್ಣಿಮೆ.

ಈಗ ಆ ಕೈಗಳನ್ನು ನೋಡಿ. ಇಲ್ಲಿ ಬಳೆ ಒಡೆಸಿಕೊಳ್ಳುವ ಗೃಹಿಣಿಯರು ಬಹಳ, ಅವರ ನಡುವೆ ದೇವಿಗೆ ಬಿಟ್ಟ ಗುರುತಿಗೆ ಮುತ್ತು ಕಟ್ಟಿಸಿಕೊಂಡ ವಯಸ್ಸಾದ ತಾಯಂದಿರೂ ಇರುತ್ತಾರೆ. ಗಂಡು ಸಂತಾನವಿಲ್ಲವೆಂದು, ತಲೆಯಲ್ಲಿ ಜಡೆ ಕಟ್ಟಿತೆಂದು, ಮೈಮೇಲೆ ಕಜ್ಜಿ ಎದ್ದಿತೆಂದು, ಎಲ್ಲಕ್ಕಿಂತ ಹೆಚ್ಚಾಗಿ ಮನೆಯಲ್ಲಿ ಕೂಳಿಲ್ಲವೆಂದು, ಬುದ್ಧಿ ಬಲಿಯುವ ಮೊದಲೇ ಕೊರಳಿಗೆ ಕೆಂಪು ಬಿಳಿ ಮಣಿಯ ಸರ ಬಿದ್ದವರು. ಬಹುಪಾಲು ಮಾದಿಗರ, ಹೊಲೆಯರ ಕೇರಿಯ ಮಕ್ಕಳು. ದೇವಿಗೆ ಬಿಟ್ಟದ್ದು ಎಂದರು, ಮೈನೆರೆದ ಮೇಲೆ ಊರಿನ ಉಳ್ಳವರ ಪಾಲಿಗೆ ಬಿಟ್ಟರು. ಅವಳನ್ನು ನಿತ್ಯಸುಮಂಗಲಿ ಎಂದು ಕರೆದ ಶಾಸ್ತ್ರ ಅವಳಿಗೆ ಗಂಡನನ್ನು ಕೊಡಲಿಲ್ಲ. ಇಟ್ಟುಕೊಂಡ ಗಂಡಸು ಸತ್ತರೆ ಅವನ ಹೆಣದ ಮುಂದೆ ಕೂತು ಅಳುವ ಹಕ್ಕನ್ನೂ ಕೊಡಲಿಲ್ಲ. ಅವಳ ಮಕ್ಕಳು ಶಾಲೆಯ ದಾಖಲಾತಿಯಲ್ಲಿ ತಂದೆಯ ಹೆಸರಿನ ಜಾಗವನ್ನು ಖಾಲಿ ಬಿಟ್ಟರು, ಇಲ್ಲವೇ ದೇವರ ಹೆಸರು ಬರೆದರು. ವಿಧವೆಯಾಗಿ ಅಳಲು ಅವಳಿಗೆ ಇಡೀ ವರ್ಷದಲ್ಲಿ ಸಿಕ್ಕುವುದು ಇದೊಂದೇ ಹುಣ್ಣಿಮೆ, ಅದೂ ದೇವಿಯ ಗಂಡನಿಗಾಗಿ. ಆ ಅಳುವಿನಲ್ಲಿ ಜಮದಗ್ನಿಯ ಪಾಲೆಷ್ಟು, ಅವಳ ಸ್ವಂತ ಬಾಲ್ಯದ ಪಾಲೆಷ್ಟು? ಹತ್ತಿರ ಕೂತು ಕೇಳಿದವರಿಗೆ ಆ ದನಿ ಪುರಾಣಕ್ಕಾಗಿ ಮಾತ್ರ ಎದ್ದದ್ದು ಎನ್ನಿಸುವುದಿಲ್ಲ. ತೊಂಬತ್ತರ ದಶಕದಿಂದ ಬೆಳಗಾವಿ, ಬಾಗಲಕೋಟೆ ಕಡೆ ಎಚ್‌ಐವಿ ಈ ಕೇರಿಗಳನ್ನು ಹೊಕ್ಕಿತು. ಅಕ್ಕತಂಗಿಯರಂತೆ ಜೊತೆಗೆ ಹಾಡುತ್ತಿದ್ದವರಲ್ಲಿ ಎಷ್ಟೋ ಮಂದಿ ಆ ಜಡ್ಡಿನಲ್ಲಿ ಹೋದರು. ಅವರಿಗೂ ಬೇರೆ ಯಾವ ಹುಣ್ಣಿಮೆಯೂ ಇಲ್ಲ.

ಮೈಸೂರು ಸೀಮೆಯ ನಮಗೆ ಇದು ದೂರದ ಕತೆ ಎನ್ನಿಸಬಹುದು. ಸಂಸ್ಥಾನ 1909ರಲ್ಲೇ ತನ್ನ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತು. ನಂಜನಗೂಡಿನ ಶ್ರೀಕಂಠೇಶ್ವರನ ಸೇವೆಯಲ್ಲಿದ್ದ ಹೆಣ್ಣುಮಕ್ಕಳು ಮರಳಿ ಸೇವೆ ಕೊಡಿ ಎಂದು ಅರ್ಜಿ ಬರೆದರೂ ಸರ್ಕಾರ ಒಪ್ಪಲಿಲ್ಲ. ಸೇವೆ ನಿಂತಿತು, ನಿಜ. ಸೇವೆಯಲ್ಲಿ ಸವೆದವರ ಮುಂದಿನ ಬದುಕು ಏನಾಗಬೇಕು ಎಂದು ಕೇಳುವ ತಾಳ್ಮೆ ಆಗಲೂ ಇರಲಿಲ್ಲ. ಬಡಗಣ ಸೀಮೆಯೂ ಸೇರಿ ಇಡೀ ರಾಜ್ಯಕ್ಕೆ ನಿಷೇಧದ ಕಾನೂನು ಬಂದದ್ದು 1982ರಲ್ಲಿ. ಆಮೇಲೆ 1993–94 ಮತ್ತು 2007–08ರಲ್ಲಿ ಸರ್ಕಾರ ಮನೆಮನೆ ತಿರುಗಿ ಎಣಿಸಿದಾಗ 14 ಜಿಲ್ಲೆಗಳಲ್ಲಿ ಸಿಕ್ಕವರು 46,660 ಹೆಣ್ಣುಮಕ್ಕಳು.

ಅವರಲ್ಲಿ ಅತ್ತು ಸುಮ್ಮನಾಗದವರೂ ಇದ್ದಾರೆ. ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡಿದ್ದ ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿ, ತನ್ನಂಥ ಹೆಂಗಸರನ್ನೇ ಕಟ್ಟಿಕೊಂಡು ಘಟಪ್ರಭೆಯಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಬೆಳೆಸಿದರು. ಮುತ್ತು ಕಟ್ಟುವ ಮನೆಗಳ ಬಾಗಿಲಿಗೇ ಹೋಗಿ ನಿಂತರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿದ್ದಕ್ಕೆ ಮನೆಯಿಂದ ಹೊರಬಿದ್ದು ಜೋಗತಿಯಾದ ಮಂಜಮ್ಮ ಜೋಗತಿಯವರು, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಈ ಕಲೆಯನ್ನು ಊರೂರಿನ ರಂಗಕ್ಕೆ ಒಯ್ದು, ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದರು. ಅವರು ರೇಣುಕೆಯಾಗಿ ನಿಂತಾಗ, ಅಪ್ಪನ ಮಾತಿಗೆ ಮಗನೇ ತಾಯಿಯ ತಲೆ ಕಡಿಯುವ ಗಳಿಗೆಯಲ್ಲಿ, ತಪ್ಪಿಲ್ಲದೆ ಶಿಕ್ಷೆ ಉಂಡವರ ಇಡೀ ಸಾಲು ಅವರ ಹಿಂದೆ ನಿಂತಂತೆ ಕಾಣುತ್ತದೆ. ಸಂಕಟವನ್ನು ಕಲೆಯಾಗಿ ಹೊತ್ತು ನಡೆದವರು ಇವರು.

ಧರ್ಮದ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ನೋಯಿಸಿದ್ದು ನಮ್ಮಲ್ಲಿ ಮಾತ್ರವಲ್ಲ. ಐರ್ಲೆಂಡಿನಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಮ್ಯಾಗ್ಡಲೀನ್ ಬಟ್ಟೆಮಡಿ ಮನೆಗಳಲ್ಲಿ ಸಾವಿರಾರು ಹೆಣ್ಣುಮಕ್ಕಳನ್ನು ಕೂಡಿಹಾಕಿ ಪುಕ್ಕಟೆ ದುಡಿಸಿದ್ದರು. ಕೊನೆಯದು ಮುಚ್ಚಿದ್ದು 1996ರಲ್ಲಿ, ಡಬ್ಲಿನ್ನಿನಲ್ಲಿ. ಅದೇ ಕಟ್ಟಡದೊಳಗೆ 2011ರಲ್ಲಿ ಅನು ಎಂಬ ರಂಗತಂಡ ‘ಲಾಂಡ್ರಿ’ ಪ್ರಯೋಗ ಮಾಡಿತು. ಒಮ್ಮೆಗೆ ಕೆಲವೇ ಪ್ರೇಕ್ಷಕರು ಒಳಗೆ ಹೋಗಿ, ಸೋಪಿನ ವಾಸನೆಯ ಆ ಕೋಣೆಗಳಲ್ಲಿ ಬಂದಿಗಳ ಪಾತ್ರ ಹೊತ್ತ ನಟಿಯರ ಎದುರು ನಿಲ್ಲಬೇಕಿತ್ತು. 2013ರ ಫೆಬ್ರುವರಿಯಲ್ಲಿ ಆ ದೇಶದ ಪ್ರಧಾನಿ ಎಂಡಾ ಕೆನ್ನಿ ಸಂಸತ್ತಿನಲ್ಲಿ ಆ ಹೆಣ್ಣುಮಕ್ಕಳ ಕ್ಷಮೆ ಕೇಳಿದರು. ಅಲ್ಲಿ ಕಲಾವಿದರು ಶೋಕಕ್ಕೆ ರೂಪ ಕೊಡಬೇಕಾಯಿತು. ನಮ್ಮಲ್ಲಿ ನೊಂದವರೇ ನೂರಾರು ವರ್ಷಗಳಿಂದ ಆ ರೂಪವನ್ನು ಕಾಪಾಡಿಕೊಂಡಿದ್ದಾರೆ. ಇಲ್ಲದಿರುವುದು ಕ್ಷಮೆ ಕೇಳುವ ಬಾಯಿ.

ಗುಡ್ಡದಲ್ಲಿ ಇವತ್ತು ಮುತ್ತು ಕಟ್ಟುವುದು ಅಪರಾಧ. ಹಾಗೆಂದು ಬಳೆ ಒಡೆಯುವುದನ್ನೂ ಮೂಢನಂಬಿಕೆ ಎಂದು ಒಂದೇ ಏಟಿಗೆ ತಳ್ಳಿಹಾಕುವವರಿದ್ದಾರೆ. ಕೂಸುಗಳನ್ನು ದೇವರ ಹೆಸರಿನಲ್ಲಿ ಬಲಿಗೊಟ್ಟ ಪದ್ಧತಿ ಬೇರುಸಹಿತ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಚೌಡಿಕಿ ಮಾತ್ರ ಆ ಪದ್ಧತಿಯ ಜೊತೆ ಹೋಗಬಾರದು. ಅದರ ತಂತಿಯಲ್ಲಿರುವುದು ಆ ಕೂಸುಗಳ ಸಾಕ್ಷಿ.

ಸವದತ್ತಿ ಯಲ್ಲಮ್ಮನ ಗುಡ್ಡದ ಪ್ರವಾಸೋದ್ಯಮಕ್ಕೆ ಕೇಂದ್ರ ಸರ್ಕಾರ 2024ರಲ್ಲಿ ಸುಮಾರು 100 ಕೋಟಿ ರೂಪಾಯಿ ಒಪ್ಪಿದೆ. ರಸ್ತೆ, ಸ್ನಾನಗೃಹ, ಯಾತ್ರಿನಿವಾಸ ಎಲ್ಲವೂ ಬೇಕು. ಅದರ ಜೊತೆಗೆ ಗುಡಿಯ ಆವರಣದಲ್ಲಿ ಒಂದು ಕಲ್ಲು ನಿಲ್ಲಲಿ, ಇಲ್ಲಿ ಬಿಡಲ್ಪಟ್ಟ ಹೆಣ್ಣುಮಕ್ಕಳಿಗೆ ಅನ್ಯಾಯವಾಯಿತು ಎಂದು ಅದರ ಮೇಲೆ ಕನ್ನಡದಲ್ಲಿ ಬರೆಯಲಿ. ಹೊಸ್ತಿಲ ಹುಣ್ಣಿಮೆಯ ದಿನ ಆ ಕಲ್ಲಿನ ಮುಂದೆ ಚೌಡಿಕಿಯ ತಾಯಂದಿರನ್ನು ಕರೆದು ಕೂರಿಸಿ, ತಕ್ಕ ಸಂಭಾವನೆ ಕೊಟ್ಟು ಹಾಡಿಸಲಿ. ಸರ್ಕಾರದ ಪರವಾಗಿ ಒಬ್ಬ ಮಂತ್ರಿ, ಗುಡಿಯ ಪರವಾಗಿ ಒಬ್ಬ ಪೂಜಾರಿ ಅವರೆದುರು ನೆಲದ ಮೇಲೆ ಕೂತು ಕೊನೆಯವರೆಗೂ ಕೇಳಲಿ.